ಬಾಗಿಲಿಗೆ ನೇರ ಬರುವ ರಸ್ತೆಗೆ ಕನ್ನಡಿ ಹಿಡಿಯುವ ಮೊದಲು

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕಟ್ಟಿಸಿದ ಹೊಸ ಮನೆಗೆ ನೀವು ಮೇ ತಿಂಗಳಲ್ಲಿ ಒಕ್ಕಲಾದಿರಿ. ಗುಡ್ಡದಿಂದ ಇಳಿದು ಬರುವ ರಸ್ತೆ ನೇರವಾಗಿ ನಿಮ್ಮ ಗೇಟಿನ ಎದುರಿಗೇ ಬಂದು ಎರಡಾಗಿ ಕವಲೊಡೆಯುತ್ತದೆ. ಮೂರು ತಿಂಗಳೊಳಗೆ ಸಿಡಿಲಿಗೆ ಇನ್ವರ್ಟರ್ ಸುಟ್ಟುಹೋಯಿತು, ಬಾವಿಯ ನೀರು ಕೆಂಪಾಯಿತು, ನಿಮ್ಮ ಅತ್ತೆಯವರು ಮೆಟ್ಟಿಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡರು. ಅಂಗಡಿಯವರೊಬ್ಬರು ಇದೆಲ್ಲ ರಸ್ತೆಯ ದೋಷವೆಂದು ಹೇಳಿ ಬಾಗುವಾ ಕನ್ನಡಿ, ಜೋಡಿ ಸಿಂಹ, ಗಾಳಿಗಂಟೆ, ನಗುವ ಬುದ್ಧ, ಬಿದಿರು ಗಿಡ ಎಲ್ಲವನ್ನೂ 7,000 ರೂಪಾಯಿಗೆ ಕೊಟ್ಟಿದ್ದಾರೆ. ಇವು ಮನೆಯನ್ನು ಕಾಯುತ್ತವೆಯೇ, ಕಾಯುವುದಾದರೆ ಎಲ್ಲೆಲ್ಲಿ ಇಡಬೇಕು ಎಂಬುದು ನಿಮ್ಮ ಪ್ರಶ್ನೆ.

ನಾನು 11 ವರ್ಷ ಸಿಂಗಾಪುರದಲ್ಲಿ ಕೆಲಸ ಮಾಡಿ ಊರಿಗೆ ಮರಳಿದವನು. ಅಲ್ಲಿ ಚೀನೀ ಮೂಲದ ವೃದ್ಧೆಯೊಬ್ಬರ ಮನೆಯಲ್ಲಿ ಬಾಡಿಗೆಗಿದ್ದಾಗ, ಫೆಂಗ್ ಶುಯಿ ಎಂಬ ಚೀನೀ ವಾಸ್ತುಪದ್ಧತಿಗೆ ಸೇರಿದ ಈ ವಸ್ತುಗಳ ಬಳಕೆಯನ್ನು ಅವರಿಂದಲೇ ಕಲಿತೆ. ಆದ್ದರಿಂದ ಅವುಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಅವುಗಳಿಗೆ ಅವುಗಳದೇ ಆದ ಕ್ರಮವಿದೆ, ಮತ್ತು ಆ ಕ್ರಮವನ್ನು ಹೇಳದೆ ಮಾರುವುದು ಸರಿಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಎಲ್ಲಕ್ಕಿಂತ ಮೊದಲು ಕನ್ನಡಿಯ ವಿಷಯ, ಏಕೆಂದರೆ ಕೆಡುಕು ಆಗುವುದಾದರೆ ಅದರಿಂದಲೇ. ಬಾಗುವಾ ಎಂದರೆ ಅಖಂಡ ಮತ್ತು ತುಂಡು ಗೆರೆಗಳನ್ನು ಮೂರು ಮೂರಾಗಿ ಜೋಡಿಸಿದ ಎಂಟು ಗುರುತುಗಳ ಸುತ್ತು. ಕಾವಲಿನ ಕನ್ನಡಿಯಲ್ಲಿ ಮೂರೂ ಅಖಂಡ ಗೆರೆಗಳಿರುವ ಗುರುತು ನೆತ್ತಿಗೆ ಬರಬೇಕು, ಮೂರೂ ತುಂಡು ಗೆರೆಗಳಿರುವುದು ಬುಡಕ್ಕೆ ಬರಬೇಕು. ಅದನ್ನು ಮನೆಯ ಹೊರಗೆ, ಬಾಗಿಲಿನ ಮೇಲೆ ಮಾತ್ರ ತೂಗುಹಾಕುತ್ತಾರೆ. ಚಾವಡಿಯ ಒಳಗೋಡೆಗೆ ಅಲಂಕಾರಕ್ಕೆಂದು ತೂಗುವುದು ಆ ಪದ್ಧತಿಗೇ ವಿರುದ್ಧ. ಉಬ್ಬುಗನ್ನಡಿ ಎದುರಿನಿಂದ ಬರುವುದನ್ನು ಚದರಿಸುತ್ತದೆ, ಚಪ್ಪಟೆಯದು ಹಿಂದಕ್ಕೆ ಕಳುಹಿಸುತ್ತದೆ, ತಗ್ಗುಗನ್ನಡಿ ಒಳಗೆಳೆದು ತಲೆಕೆಳಗಾಗಿಸುತ್ತದೆ ಎಂಬುದು ಅವರ ನಂಬಿಕೆ.

ಕೆಡುಕನ್ನು ಕನ್ನಡಿ ಹಿಂದಕ್ಕೆ ಕಳುಹಿಸುವುದಾದರೆ ಅದು ಯಾರ ಬಾಗಿಲಿಗೆ ಹೋಗುತ್ತದೆ? ನಾನಿದ್ದ ಕಟ್ಟಡದಲ್ಲಿ ಎದುರು ಮನೆಯವರು ತಮ್ಮ ಬಾಗಿಲಿನ ಮೇಲೆ ಒಂದು ಕನ್ನಡಿ ತೂಗಿದರು. ಅದು ತನ್ನತ್ತ ಮುಖ ಮಾಡಿದೆಯೆಂದು ನೊಂದ ನಮ್ಮ ಮನೆಯೊಡತಿ ಅದಕ್ಕಿಂತ ದೊಡ್ಡದನ್ನು ತಂದು ತೂಗಿದರು. ಇಪ್ಪತ್ತು ವರ್ಷ ಕೂಡಿ ಬಾಳಿದ ಎರಡು ಮನೆಗಳ ನಡುವೆ ಮಾತು ನಿಂತಿತು, ಚೀನೀ ಹೊಸವರ್ಷಕ್ಕೆ ಕಿತ್ತಳೆ ಹಣ್ಣು ಕೊಟ್ಟುಕೊಳ್ಳುವ ಸಂಪ್ರದಾಯವೂ ನಿಂತಿತು. ಕೊನೆಗೆ ಒಂದು ದಿನ ನಮ್ಮ ಮನೆಯೊಡತಿಯೇ ಕುರ್ಚಿ ಹತ್ತಿ ತಮ್ಮ ಕನ್ನಡಿಯನ್ನು ಇಳಿಸಿದರು. ನಾನು ಕುರ್ಚಿಯನ್ನು ಹಿಡಿದುಕೊಂಡಿದ್ದೆ. ಹಾಂಕಾಂಗಿನಲ್ಲಿ ಇದೇ ಬಗೆಯ ಕಥೆ ದೊಡ್ಡ ಪ್ರಮಾಣದಲ್ಲಿ ಜನಜನಿತವಾಗಿದೆ. 1990ರಲ್ಲಿ ಉದ್ಘಾಟನೆಯಾದ ಬ್ಯಾಂಕ್ ಆಫ್ ಚೀನಾ ಗೋಪುರದ ಚೂಪು ಅಂಚುಗಳು ಕತ್ತಿಯಂತೆ ಸುತ್ತಲಿನ ಕಟ್ಟಡಗಳನ್ನು ಇರಿಯುತ್ತವೆ ಎಂದೂ, ಹತ್ತಿರದ ಎಚ್‌ಎಸ್‌ಬಿಸಿ ಬ್ಯಾಂಕಿನ ಕಟ್ಟಡದ ಮೇಲಿರುವ ಫಿರಂಗಿಯಾಕಾರದ ಕ್ರೇನುಗಳು ಅದಕ್ಕೆ ಉತ್ತರವೆಂದೂ ಅಲ್ಲಿಯ ಜನ ಹೇಳುತ್ತಾರೆ.

ನಿಮ್ಮ ಗೇಟಿನಿಂದ ನೋಡಿದರೆ ರಸ್ತೆಯ ಬಲಬದಿಯ ಹಳೆಯ ಮನೆಯ ಜಗಲಿ ಕಾಣುತ್ತದೆ ಎಂದು ನೀವೇ ಬರೆದಿದ್ದೀರಿ. ರಸ್ತೆಗೆಂದು ನೀವು ತೂಗುವ ಕನ್ನಡಿಯನ್ನು ಆ ಜಗಲಿಯಲ್ಲಿ ಕೂತು ದಿನವೂ ನೋಡುವವರಿದ್ದಾರೆ. ತುಳುನಾಡಿನಲ್ಲಿ ಆಟಿ ಎಂಬ ಮಳೆಗಾಲದ ತಿಂಗಳಲ್ಲಿ ವೇಷ ಕಟ್ಟಿ ಬರುವ ಕಳೆಂಜ ಒಂದೊಂದೇ ಅಂಗಳವನ್ನು ಹೊಕ್ಕು ಊರಿಗೆಲ್ಲ ಬಂದ ಮಾರಿಯನ್ನು ಕಳೆಯುತ್ತಾನೆಯೇ ಹೊರತು ಒಂದು ಮನೆಯದನ್ನು ಇನ್ನೊಂದು ಮನೆಗೆ ಹೊರಿಸುವುದಿಲ್ಲ. ಆ ನಂಬಿಕೆಯಲ್ಲಿ ಬೆಳೆದ ನೆರೆಮನೆಯ ಹಿರಿಯರಿಗೆ ನಿಮ್ಮ ಕನ್ನಡಿ ಹೇಗೆ ಕಾಣಬಹುದೆಂದು ದಯವಿಟ್ಟು ಯೋಚಿಸಿ. ಇದಲ್ಲದೆ, ರಾತ್ರಿ ಇಳಿಜಾರಿನಲ್ಲಿ ಬರುವ ವಾಹನದ ಬೆಳಕು ಚಪ್ಪಟೆ ಕನ್ನಡಿಯಿಂದ ಮರಳಿ ಚಾಲಕನ ಕಣ್ಣಿಗೇ ಬೀಳುವ ಅಪಾಯವೂ ಇದೆ. ಅದನ್ನು ಅಂಗಡಿಗೆ ಮರಳಿಸಬಹುದಾದರೆ ಮರಳಿಸಿಬಿಡಿ.

ಹಾಗಾದರೆ ರಸ್ತೆಗೆ ಪರಿಹಾರವೇನು? ನಮ್ಮ ವಾಸ್ತುವಿನಲ್ಲಿ ವೀಥಿಶೂಲವೆಂದು ಕರೆಯುವ ಇದೇ ದೋಷಕ್ಕೆ ಚೀನೀಯರ ಹಳೆಯ ಪರಿಹಾರ ಕಲ್ಲು. ದಾರಿ ಬಂದು ಮುಟ್ಟುವ ಜಾಗದಲ್ಲಿ ‘ಶಿ ಗಾನ್ ದಾಂಗ್’ ಎಂದು, ಅಂದರೆ ಎದುರಿಸಬಲ್ಲ ಕಲ್ಲು ಎಂಬ ಅರ್ಥದಲ್ಲಿ, ಅಕ್ಷರ ಕೆತ್ತಿದ ಕಲ್ಲನ್ನು ನೆಡುತ್ತಾರೆ. ಜಪಾನಿನ ಓಕಿನಾವಾದ ಬೀದಿಗಳಲ್ಲಿಯೂ ಅದು ಹೇರಳವಾಗಿ ಕಾಣಸಿಗುತ್ತದೆ. ಗಡಿಯಲ್ಲಿ ಮರದ ಬುಡದ ಗುಳಿಗ ದೈವದ ಕಲ್ಲಿಗೆ ಕೈಮುಗಿದು ಬೆಳೆದ ನಮಗೆ ಇದು ಅಪರಿಚಿತವೆನಿಸಬಾರದು. ಕಲ್ಲು ಯಾರ ಕಡೆಗೂ ಏನನ್ನೂ ತಿರುಗಿಸುವುದಿಲ್ಲ, ತನ್ನ ಜಾಗದಲ್ಲಿ ನಿಂತು ತಡೆಯುತ್ತದೆ. ನೀವು ಗೇಟನ್ನು ರಸ್ತೆಯ ನೇರದಿಂದ ಐದಾರು ಅಡಿ ಬದಿಗೆ ಸರಿಸಿ, ಆ ಜಾಗಕ್ಕೆ ಮುರಕಲ್ಲಿನ ಗಟ್ಟಿ ಗೋಡೆ ಕಟ್ಟಿಸಿ, ಅದರ ಒಳಗೆ ದಾಸವಾಳದ ಬೇಲಿ ಬೆಳೆಸಿದರೆ ಶಾಸ್ತ್ರಕ್ಕೂ ಒಪ್ಪುತ್ತದೆ, ಬ್ರೇಕು ತಪ್ಪಿದ ವಾಹನವೊಂದು ನೇರವಾಗಿ ಅಂಗಳಕ್ಕೆ ನುಗ್ಗುವ ಭಯವೂ ಕಡಿಮೆಯಾಗುತ್ತದೆ.

ಫೆಂಗ್ ಶುಯಿ ಎಂಬ ಎರಡು ಪದಗಳಿಗೆ ಗಾಳಿ ಮತ್ತು ನೀರು ಎಂದೇ ಅರ್ಥ. ಕ್ರಿ.ಶ. 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಎಂಬವನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥವು, ಪ್ರಾಣಶಕ್ತಿಯು ಗಾಳಿಗೆ ಚದರುತ್ತದೆ, ನೀರಿನ ಬಳಿ ನಿಲ್ಲುತ್ತದೆ ಎಂಬ ತಿಳಿವಿನ ಮೇಲೆ ನಿಂತಿದೆ. ಬಳುಕುತ್ತ ನಿಧಾನವಾಗಿ ಹರಿಯುವ ನೀರು ಒಳ್ಳೆಯದು, ನೇರವಾಗಿ ರಭಸದಿಂದ ನುಗ್ಗುವ ನೀರು ಕೆಟ್ಟದ್ದು ಎಂಬುದು ಅದರ ಅನಂತರದ ಎಲ್ಲ ಪಂಥಗಳೂ ಒಪ್ಪುವ ಮಾತು. ಈಗ ನಿಮ್ಮ ಮನೆಯನ್ನು ಆ ಕಣ್ಣಿನಿಂದ ನೋಡಿ. ನಮ್ಮ ಊರಿನ ಮಳೆಗೆ ಗುಡ್ಡದ ಮಣ್ಣನ್ನು ಹೊತ್ತ ನೀರು ನೇರ ರಸ್ತೆಯಲ್ಲಿ ಇಳಿದು ನಿಮ್ಮ ಗೇಟಿನೊಳಗೆ ಬರುತ್ತಿದೆ. ಬಾವಿ ಕೆಂಪಾದದ್ದಕ್ಕೂ, ಸದಾ ಒದ್ದೆಯಾಗಿರುವ ಮೆಟ್ಟಿಲಿಗೆ ಹಾವಸೆ ಕಟ್ಟಿ ನಿಮ್ಮ ಅತ್ತೆಯವರು ಜಾರಿದ್ದಕ್ಕೂ ಅದೇ ನೀರು ಕಾರಣವಾಗಿರುವ ಸಂಭವ ಬಹಳವಿದೆ. ಅಂಗಡಿಯವರು ರಸ್ತೆಯನ್ನು ದೂರಿದ್ದು ತಪ್ಪಲ್ಲ. ಆದರೆ ರಸ್ತೆಯಲ್ಲಿ ಬರುತ್ತಿರುವುದು ಏನೆಂದು ಅವರು ನೋಡಲಿಲ್ಲ. ಇನ್ವರ್ಟರಿನ ಕಥೆ ಬೇರೆ. ಮೇ ತಿಂಗಳ ಗುಡುಗುಮಳೆಯಲ್ಲಿಯೂ ಅಕ್ಟೋಬರ್, ನವೆಂಬರ್ ತಿಂಗಳ ಸಂಜೆಗಳಲ್ಲಿಯೂ ನಮ್ಮಲ್ಲಿ ಸಿಡಿಲು ಹೆಚ್ಚು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ ಕರೆಸಿ ಪರೀಕ್ಷಿಸಿ, ವಿದ್ಯುತ್ತಿನ ಹಠಾತ್ ಏರಿಕೆಯನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿಕೊಳ್ಳಿ.

ಉಳಿದ ವಸ್ತುಗಳನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಸಿಂಹಗಳನ್ನು ಜೋಡಿಯಾಗಿಯೇ, ಹೊರಗೆ, ಮುಖ ಹೊರಕ್ಕೆ ಮಾಡಿ ಇಡಬೇಕು. ಪಾದದ ಕೆಳಗೆ ಚೆಂಡಿರುವುದು ಗಂಡು, ಮರಿಯಿರುವುದು ಹೆಣ್ಣು. ಹೊರಗಿನಿಂದ ಮನೆಯನ್ನು ನೋಡುವವರಿಗೆ ಗಂಡು ಬಲಕ್ಕೆ, ಹೆಣ್ಣು ಎಡಕ್ಕೆ ಕಾಣಬೇಕು. ನಗುವ ಬುದ್ಧ ಗೌತಮ ಬುದ್ಧನಲ್ಲ. ಅವನು ಹತ್ತನೆಯ ಶತಮಾನದ ಬುದಾಯ್ ಎಂಬ ಚೀನೀ ಸಂನ್ಯಾಸಿ, ಮುಂದೆ ಬರಲಿರುವ ಮೈತ್ರೇಯ ಬುದ್ಧನ ಅವತಾರವೆಂದು ಅಲ್ಲಿ ಪೂಜೆಗೊಳ್ಳುತ್ತಾನೆ. ಅಲ್ಲಿಯ ದೇವಾಲಯಗಳ ಮೊದಲ ಮಂಟಪದಲ್ಲಿ ಬಾಗಿಲಿಗೆ ಎದುರಾಗಿ ಕುಳಿತು ಬಂದವರನ್ನು ಬರಮಾಡಿಕೊಳ್ಳುವುದು ಅವನ ಸ್ಥಾನ. ನಿಮ್ಮ ಮನೆಯಲ್ಲಿಯೂ ಬಾಗಿಲಿಗೆ ಎದುರಾಗಿ ಎತ್ತರದ ಮೇಜಿನ ಮೇಲಿಡಿ, ನೆಲದಲ್ಲಿಡಬೇಡಿ. ಗಾಳಿಗಂಟೆಯನ್ನು ಅತ್ತೆಯವರು ಮಲಗುವ ಕೋಣೆಯಿಂದ ದೂರ ತೂಗಿರಿ. ಮಳೆಗಾಲದ ಗಾಳಿಗೆ ಅದು ರಾತ್ರಿಯಿಡೀ ಸದ್ದುಮಾಡಿದರೆ ಮುರಿದ ಕೈಯ ನೋವಿನಲ್ಲಿರುವವರಿಗೆ ನಿದ್ದೆ ಬರುವುದಾದರೂ ಹೇಗೆ? ಬಿದಿರೆಂದು ಕೊಟ್ಟ ಗಿಡ ಬಿದಿರಿನ ಜಾತಿಯದಲ್ಲ, ಆಫ್ರಿಕಾದ ಕಾಡುಗಳ ಡ್ರಸೀನಾ. ಅದರ ಪಾತ್ರೆಯ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ತೊಳೆಯದಿದ್ದರೆ ಡೆಂಗಿಯ ಸೊಳ್ಳೆ ಅಲ್ಲಿಯೇ ಹುಟ್ಟುತ್ತದೆ.

ಬಾವಿಯ ನೀರನ್ನು ಸದ್ಯ ಕುದಿಸದೆ ಕುಡಿಯಬೇಡಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಪ್ರಮಾಣವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿದುಕೊಳ್ಳಿ, ಮೆಟ್ಟಿಲನ್ನು ಇವತ್ತೇ ಗಟ್ಟಿ ಪೊರಕೆಯಿಂದ ಉಜ್ಜಿಸಿ. ಗೋಡೆಯ ಕೆಲಸಕ್ಕೂ, ರಸ್ತೆಯ ನೀರು ಗೇಟಿನೊಳಗೆ ಬರದಂತೆ ಬದಿಗೆ ತಿರುಗಿಸುವ ಕಣಿಯ, ಅಂದರೆ ಚರಂಡಿಯ, ಕೆಲಸಕ್ಕೂ ಮಳೆ ಬಿಡುವವರೆಗೆ ಕಾಯಬೇಕಾದೀತು. ರಸ್ತೆಯ ಬದಿಯ ಕಣಿಗೆ ಪಂಚಾಯತಿನ ಒಪ್ಪಿಗೆಯೂ ಬೇಕು, ನೆರೆಯವರ ಜಾಗದ ಅಂಚಿನಲ್ಲಿ ನೀರು ಹೋಗುವುದರಿಂದ ಅವರ ಸಮ್ಮತಿಯೂ ಬೇಕು. ಆದರೆ ನೀರು ಎಲ್ಲಿಂದ ನುಗ್ಗಿ ಎಲ್ಲಿ ತಿರುಗುತ್ತದೆ ಎಂಬುದು ಮಳೆ ನಿಂತ ಮೇಲೆ ಯಾರಿಗೂ ತಿಳಿಯುವುದಿಲ್ಲ. ಮುಂದಿನ ಜೋರು ಮಳೆಗೆ ಕೊಡೆ ಹಿಡಿದು, ಆ ಹಳೆಯ ಮನೆಯ ಯಜಮಾನರನ್ನೂ ಕರೆದುಕೊಂಡು, ರಸ್ತೆಯ ಮೇಲ್ತುದಿಯಿಂದ ಗೇಟಿನವರೆಗೆ ನೀರಿನ ಜೊತೆ ನಡೆದು ಬನ್ನಿ, ಅದು ದಾರಿ ಬದಲಿಸುವ ಜಾಗಗಳಲ್ಲಿ ಒಂದೊಂದು ಗೂಟ ಹೊಡೆದಿಡಿ.