ಗಂಧೆ, ವಾಂತಿ, ಕೆಮ್ಮು: ಮಗುವಿಗೆ ಸಿರಪ್ ಸಾಕಾ?

ಪ್ರಶ್ನೆ: ನಾಲ್ಕು ವರ್ಷದ ಮಗಳು ಗೋಡಂಬಿ ಬರ್ಫಿ ತಿಂದ ಹತ್ತೇ ನಿಮಿಷಕ್ಕೆ ಮೈಯೆಲ್ಲ ಗಂಧೆ ಎದ್ದವು. ಎರಡು ಸಲ ವಾಂತಿ ಆಯಿತು, ಕೆಮ್ಮೂ ಶುರುವಾಯಿತು. ಮನೆಯಲ್ಲಿದ್ದ ಸೆಟ್ರಿಜಿನ್ ಅನ್ನುವ ಅಲರ್ಜಿ ಸಿರಪ್ ಕುಡಿಸಿ ಆಸ್ಪತ್ರೆಗೆ ಓಡಿದೆವು. ಅಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟು, ರಾತ್ರಿಯಿಡೀ ಇರಿಸಿಕೊಂಡರು. ಅಷ್ಟೆಲ್ಲ ಬೇಕಿತ್ತಾ ಡಾಕ್ಟ್ರೇ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಕೇ ಬೇಕಿತ್ತಮ್ಮ. ಬರೀ ಗಂಧೆ ಎದ್ದು ಮಗು ಆಟವಾಡಿಕೊಂಡಿದ್ದರೆ ಸಿರಪ್ ಕೊಟ್ಟು ಕಣ್ಣಿಟ್ಟಿದ್ದರೆ ಸಾಕು. ನಿಮ್ಮ ಮಗಳಿಗೆ ಚರ್ಮದ ಜೊತೆ ಹೊಟ್ಟೆ, ಉಸಿರು ಎರಡಕ್ಕೂ ತೊಂದರೆ ಆಗಿತ್ತು. ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರಬಲ್ಲ ತೀವ್ರ ಅಲರ್ಜಿ. ಮೈಮೇಲೆ ಏನೂ ಏಳದೆಯೂ ಇದು ಬರಬಹುದು. ಹಾಗಾಗಿ ದನಿ ಒಡೆದಿದೆಯಾ, ಉಸಿರು ಸುಂಯ್‌ಗುಡುತ್ತಿದೆಯಾ, ನಾಲಿಗೆ ಊದಿದೆಯಾ, ಮುಖ ಬಿಳಿಚಿದೆಯಾ ನೋಡಿ. ಹಾಲು ಕುಡಿಯುವ ಕೂಸು ಪಾಪ, ಏನು ಹೇಳೀತು? ಹೊಸ ಆಹಾರ ತಿಂದ ಮೇಲೆ ಇದ್ದಕ್ಕಿದ್ದಂತೆ ಸುಸ್ತಾಗಿ ಜೋತುಬಿದ್ದರೆ, ನಿದ್ದೆ ಬಂದಿರಬೇಕು ಅಂತ ಮಲಗಿಸಬೇಡಿ.

ಸೆಟ್ರಿಜಿನ್ ತುರಿಕೆ ಇಳಿಸುತ್ತದೆ, ಅಷ್ಟೇ. ಕಟ್ಟಿಕೊಳ್ಳುತ್ತಿರುವ ಗಂಟಲು ಅದರಿಂದ ಬಿಡುವುದಿಲ್ಲ, ಇಳಿಯುತ್ತಿರುವ ಬಿಪಿ ನಿಲ್ಲುವುದಿಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳೇ ಬೇಕು. ಮೊದಲು ಕೊಡಬೇಕಾದ್ದು ಅಡ್ರಿನಲಿನ್, ಅದೂ ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ಕೆಜಿಗೆ 0.01 ಮಿ.ಗ್ರಾಂ. ಲೆಕ್ಕ. ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ. ಇರುವ ಆಂಪೂಲ್ (ಇಂಜೆಕ್ಷನ್ ಮದ್ದಿನ ಪುಟ್ಟ ಗಾಜಿನ ಸೀಸೆ) ಆದರೆ, 15 ಕೆಜಿ ಮಗುವಿಗೆ 0.15 ಮಿ.ಲೀ. ಸಿರಿಂಜಿನಲ್ಲಿ ಕಂಡೂ ಕಾಣದಷ್ಟು! ಎದೆ ಡವಗುಟ್ಟಬಹುದು, ಕೈ ನಡುಗಬಹುದು. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಐದು ನಿಮಿಷಕ್ಕೂ ಹತೋಟಿಗೆ ಬಾರದಿದ್ದರೆ ಇನ್ನೊಂದು ಕೊಡುತ್ತಾರೆ. ಅದು ಕೊನೇ ಗಳಿಗೆಯ ಇಂಜೆಕ್ಷನ್ ಅನ್ನುವ ಭಯ ಬಹಳ ಜನರಿಗಿದೆ. ನಿಜವಾದ ಅಪಾಯ ಇರುವುದು ತಡಮಾಡುವುದರಲ್ಲಿ.

ರಾತ್ರಿ ಇರಿಸಿಕೊಂಡಿದ್ದೂ ಸುಮ್ನೆ ಅಲ್ಲ. ಇಳಿದ ಅಲರ್ಜಿ ಏನೂ ತಿನ್ನದೆಯೇ ಕೆಲವು ಗಂಟೆ ಬಿಟ್ಟು ಮತ್ತೆ ಏಳಬಹುದು.

ಮುಂದೆ ಹೀಗಾದರೆ 108ಕ್ಕೆ ಫೋನ್ ಮಾಡಿ. ಮಗುವನ್ನು ಮಲಗಿಸಿ ಕಾಲು ಮೇಲಿಡಿ. ಉಸಿರು ಕಷ್ಟವಾಗಿದ್ದರೆ ಕಾಲು ಚಾಚಿ ಕೂರಿಸಿ. ನಡೆಸಬೇಡಿ, ಹೆಗಲ ಮೇಲೆ ನೆಟ್ಟಗೆ ಎತ್ತಿಕೊಂಡು ಓಡಲೂಬೇಡಿ. ಪೆನ್ ಮಾದರಿಯ ಅಡ್ರಿನಲಿನ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬದಲಿಗೆ ಮನೆಯಲ್ಲಿ ಏನು ಇಟ್ಟುಕೊಳ್ಳಬೇಕು, ಹೇಗೆ ಕೊಡಬೇಕು ಅಂತ ನಿಮ್ಮ ಮಕ್ಕಳ ಡಾಕ್ಟರ ಬಳಿ ಕಲಿತು, ಡೋಸ್ ಬರೆಸಿಕೊಳ್ಳಿ. ಗೋಡಂಬಿ ಆಗದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಪಿಸ್ತಾ ಕೂಡ ಆಗುವುದಿಲ್ಲ. ಅಲರ್ಜಿ ತಜ್ಞರಿಗೆ ತೋರಿಸುವ ತನಕ ಎರಡೂ ಬೇಡ. ಪಾಯಸ, ಕುರ್ಮಾ ಬಡಿಸುವ ಮುನ್ನ ಒಳಗೇನಿದೆ ಅಂತ ಕೇಳಿ.