ಪ್ರಶ್ನೋತ್ತರ: ಅಯಾನುಗೋಳದ ಸೆಳವು

ಪ್ರಶ್ನೆ: ಅಯಾನುಗೋಳದ, ಅಂದರೆ ಎತ್ತರದ ವಿದ್ಯುದಾವೇಶಿತ ವಾಯುಪದರದ, ಚಲನೆ ಅಳೆಯುವ ಸೂಪರ್‌ಡಾರ್ನ್ ಜಾಲದ ರೇಡಾರ್‌ಗಳ ದತ್ತಾಂಶ ಇಳಿಸಿಕೊಂಡು ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಕಾಂತೀಯ ಬಿರುಗಾಳಿಯ ಸಂಜೆ ಧ್ರುವಪ್ರಭೆ ವಲಯಕ್ಕಿಂತ ಕಡಿಮೆ ಅಕ್ಷಾಂಶದಲ್ಲಿ ಪ್ಲಾಸ್ಮಾ (ಆವೇಶಿತ ಕಣಗಳ ಅನಿಲ) ಸೆಕೆಂಡಿಗೆ 1,000 ಮೀಟರ್ ಮೀರಿ ಪಶ್ಚಿಮಕ್ಕೆ ಓಡುತ್ತದೆ ಎಂದು ಓದಿದ್ದೆ. ನನ್ನ ಚಿತ್ರದಲ್ಲಿ 300 ದಾಟುವುದೇ ಇಲ್ಲ, ಕೆಲವೆಡೆ ಸೊನ್ನೆ. ತಪ್ಪು ಎಲ್ಲಿ?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ಮೊದಲು ಕಿರಣದ ದಿಕ್ಕು ನೋಡಿ. ಕಾರವಾರದ ದಂಡೆಯಲ್ಲಿ ನಿಂತವರ ಎದುರು ಉತ್ತರದಿಂದ ದಕ್ಷಿಣಕ್ಕೆ ಸಾಗುವ ದೋಣಿ ಎಷ್ಟೇ ವೇಗದಲ್ಲಿದ್ದರೂ ನೇರ ಎದುರಿಗೆ ಬಂದ ಆ ಗಳಿಗೆಯಲ್ಲಿ ಅದು ಹತ್ತಿರವೂ ಬರುತ್ತಿರುವುದಿಲ್ಲ, ದೂರವೂ ಸರಿಯುತ್ತಿರುವುದಿಲ್ಲ. ರೇಡಾರಿನ ಪಾಡೂ ಅಷ್ಟೇ: ಡಾಪ್ಲರ್ ಪಲ್ಲಟ (ಚಲನೆಯಿಂದ ಪ್ರತಿಧ್ವನಿಯ ಆವರ್ತನದಲ್ಲಾಗುವ ಬದಲಾವಣೆ) ಹೇಳುವುದು ಕಿರಣದ ಗುಂಟ ಇರುವ ವೇಗ ಮಾತ್ರ. ಹರಿವು 1,000 ಇದ್ದು ಕಿರಣ ಅದಕ್ಕೆ 60 ಡಿಗ್ರಿ ಕೋನದಲ್ಲಿದ್ದರೆ ಕಾಣುವುದು 500. 80 ಡಿಗ್ರಿಯಾದರೆ ಸುಮಾರು 175. ಪಶ್ಚಿಮದ ಹರಿವಿಗೆ ಉತ್ತರಕ್ಕೆ ನೋಡುವ ಕಿರಣ ಆಯ್ದರೆ ಸೊನ್ನೆಯೇ ಸಿಗುತ್ತದೆ. ಒಂದೇ ಕಾಂತೀಯ ಅಕ್ಷಾಂಶದಲ್ಲಿ ಬೀಳುವ ಎಲ್ಲ ಕಿರಣಗಳ ವೇಗವನ್ನು ಕಿರಣದ ದಿಕ್ಕಿನ ಎದುರು ಬಿಡಿಸಿ, ಅದಕ್ಕೆ ಕೊಸೈನ್ ವಕ್ರರೇಖೆ ಹೊಂದಿಸಿ. ಅದರ ಎತ್ತರ ನಿಜವಾದ ವೇಗ, ಧನ ತುದಿ ಬೀಳುವ ಜಾಗ ಹರಿವು ಬರುವ ದಿಕ್ಕು, ಹರಿವು ಸಾಗುವುದು ಅದರ ಎದುರು ದಿಕ್ಕಿಗೆ. ಹರಿವು ಆ ಅಕ್ಷಾಂಶದುದ್ದಕ್ಕೂ ಒಂದೇ ತೆರನಾಗಿದ್ದರೆ ಮಾತ್ರ ಇದು ನಡೆಯುತ್ತದೆ ಎಂಬುದು ನೆನಪಿರಲಿ.

ತಾಳೆ ನೋಡಲು ಅಮೆರಿಕದ ಕನ್ಸಾಸ್‌ನಲ್ಲಿರುವ ಫೋರ್ಟ್ ಹೇಸ್ ಒಳ್ಳೆಯ ಜಾಗ. ಅಲ್ಲಿ ಒಂದೇ ಕಡೆ ಎರಡು ರೇಡಾರ್: ಒಂದು ಈಶಾನ್ಯಕ್ಕೆ, ಇನ್ನೊಂದು ವಾಯವ್ಯಕ್ಕೆ ಮುಖಮಾಡಿದೆ. ಈ ದತ್ತಾಂಶದಲ್ಲಿ ಧನ ಚಿಹ್ನೆ ಎಂದರೆ ರೇಡಾರಿನ ಕಡೆಗೆ. ಪಶ್ಚಿಮದ ಹರಿವು ಪೂರ್ವದ ರೇಡಾರಿನಲ್ಲಿ ಧನ, ಪಶ್ಚಿಮದ್ದರಲ್ಲಿ ಋಣ ಬರಬೇಕು. ಎರಡರಲ್ಲೂ ಒಂದೇ ಚಿಹ್ನೆ ಬಂದರೆ ನೀವು ನೋಡುತ್ತಿರುವುದು ಬೇರೇನೋ.

ಎರಡನೆಯ ಗುಮಾನಿ ನೆಲದ ಪ್ರತಿಧ್ವನಿ. ಕಿರಣ ಅಯಾನುಗೋಳದಲ್ಲಿ ಬಾಗಿ ನೆಲಕ್ಕೆ ಬಡಿದು ಹಿಂದಿರುಗಿದರೂ ರೇಡಾರ್ ಅದನ್ನು ದಾಖಲಿಸುತ್ತದೆ. ಅದರ ವೇಗ ಸೊನ್ನೆಯ ಹತ್ತಿರ, ರೋಹಿತದ ಅಗಲವೂ (ಪ್ರತಿಧ್ವನಿಯೊಳಗಿನ ವೇಗಗಳ ಹರಡಿಕೆ) ಕಡಿಮೆ. ತಂತ್ರಾಂಶ ಇಂಥವನ್ನು ಗುರುತುಹಾಕಿ ಕೊಡುತ್ತದೆ, ಆದರೆ ಆ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ: ಬಿರುಗಾಳಿ ಇಲ್ಲದ ರಾತ್ರಿಗಳಲ್ಲಿ ಇದೇ ವಲಯದ ನಿಜವಾದ ಪ್ಲಾಸ್ಮಾ ಸೆಕೆಂಡಿಗೆ ಕೆಲವೇ ಹತ್ತು ಮೀಟರ್ ಚಲಿಸುವುದರಿಂದ ಅದೂ ನೆಲವೆಂದೇ ಗುರುತು ಪಡೆಯುತ್ತದೆ.

ಸಮಯದಲ್ಲೂ ಎಡವಬಹುದು. ಕಡತಗಳಲ್ಲಿ ಇರುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲದ ಸಂಜೆ 7 ಎಂದರೆ ಯುಟಿಸಿ ಮಧ್ಯರಾತ್ರಿ, ನಮಗೆ ಮರುದಿನ ಬೆಳಗಿನ 5:30. ತಾರೀಕು ಒಂದು ದಿನ ಜಾರಿದರೆ ಸಂಜೆಯ ಹರಿವು ಪೂರಾ ಕೈತಪ್ಪುತ್ತದೆ.

ಕಡತ ಓದಲು ಪೈಥಾನಿನ ಪೈಡಾರ್ನ್ ಸಾಕು. ಲೆಕ್ಕವನ್ನು ಒಮ್ಮೆ ಕೈಯಲ್ಲೂ ಮಾಡಿ: 10 ಮೆಗಾಹರ್ಟ್ಸ್‌ಗೆ ತರಂಗಾಂತರ 30 ಮೀಟರ್, ಪ್ರತಿಧ್ವನಿ ಕೊಡುವುದು ಅದರರ್ಧ, ಅಂದರೆ 15 ಮೀಟರ್ ಅಳತೆಯ ಸಾಂದ್ರತೆಯ ಏರಿಳಿತಗಳು. 1,000 ಮೀಟರ್ ವೇಗಕ್ಕೆ ಪಲ್ಲಟ ಸುಮಾರು 67 ಹರ್ಟ್ಸ್.

ದೂರದ ಒಂದು ಕೋಶ 45 ಕಿ.ಮೀ., ಅಕ್ಷಾಂಶದಲ್ಲಿ ಸುಮಾರು 0.4 ಡಿಗ್ರಿ. ಅತಿವೇಗದ ಪಟ್ಟಿ ಒಂದೆರಡು ಡಿಗ್ರಿಯಷ್ಟೇ ಅಗಲ ಇರಬಹುದು. ನಾಲ್ಕಾರು ಕೋಶ ಸೇರಿಸಿ ಸರಾಸರಿ ತೆಗೆದರೆ ಶಿಖರ ಕರಗಿಹೋಗುತ್ತದೆ. ಚಿತ್ರ ಖಾಲಿ ಇದ್ದ ಮಾತ್ರಕ್ಕೆ ಹರಿವಿಲ್ಲ ಎನ್ನಬೇಡಿ. ಈ ಹರಿವಿನ ವಲಯದಲ್ಲಿ ಎಲೆಕ್ಟ್ರಾನ್ ಕಡಿಮೆ. ಪ್ರತಿಧ್ವನಿ ಬರಲು ಕಿರಣ ಕಾಂತರೇಖೆಗೆ ಲಂಬವಾಗಬೇಕು, ಅದು ಅಷ್ಟು ಬಾಗದೆ ಹೊರಗೆ ಹೋಗಿಬಿಡಬಹುದು.

ಪ್ರಶ್ನೆ: ಪ್ಲಾಸ್ಮಾ ವಿರಳವಾದ ಕಡೆಯೇ ಅಷ್ಟು ವೇಗ ಏಕೆ?
– ಓದುಗರು, ಶಿರಸಿ

ಉತ್ತರ: ತೋಟದ ಕಾಲುವೆಯಲ್ಲಿ ಅಷ್ಟೇ ನೀರು ಇಕ್ಕಟ್ಟಿನ ಜಾಗ ಹಾಯಬೇಕಾದರೆ ಸೆಳವು ಹೆಚ್ಚುತ್ತದಲ್ಲ, ಸುಮಾರು ಹಾಗೆ. ಬಿರುಗಾಳಿಯಲ್ಲಿ ಭೂಮಿಯ ಸುತ್ತಲಿನ ಉಂಗುರ ವಿದ್ಯುತ್ ಪ್ರವಾಹದಿಂದ ಕಾಂತರೇಖೆಗಳ ಗುಂಟ ಕರೆಂಟು ಇಳಿಯುತ್ತದೆ. ಅದು ಅಯಾನುಗೋಳದಲ್ಲಿ ಧ್ರುವದ ಕಡೆಗೆ ಹರಿದು ಮಂಡಲ ಪೂರ್ತಿಗೊಳಿಸಬೇಕು. ದಾರಿಯಲ್ಲಿ ವಾಹಕತೆ ಕಡಿಮೆ ಇದ್ದರೆ ಅಷ್ಟೇ ಕರೆಂಟಿಗೆ ದೊಡ್ಡ ವಿದ್ಯುತ್ ಕ್ಷೇತ್ರ ಬೇಕು. 50,000 ನ್ಯಾನೊಟೆಸ್ಲಾ ಕಾಂತಕ್ಷೇತ್ರದಲ್ಲಿ ಮೀಟರಿಗೆ 50 ಮಿಲಿವೋಲ್ಟ್ ಎಂದರೆ ವೇಗ ಸೆಕೆಂಡಿಗೆ 1,000 ಮೀಟರ್. ಕಾಲುವೆಯ ಹೋಲಿಕೆ ಇಲ್ಲಿಗೆ ಸಾಕು, ಏಕೆಂದರೆ ಪ್ಲಾಸ್ಮಾ ಆ ಕ್ಷೇತ್ರಕ್ಕೂ ಕಾಂತರೇಖೆಗೂ ಅಡ್ಡವಾಗಿ ಓಡುತ್ತದೆ. ಓಡುವಾಗ ಗಾಳಿಯೊಡನೆ ತಿಕ್ಕಾಟದಿಂದ ಬಿಸಿಯೇರಿ ಅಯಾನುಗಳು ಇನ್ನಷ್ಟು ಬೇಗ ನಶಿಸುತ್ತವೆ. ವಾಹಕತೆ ಮತ್ತೂ ಕುಸಿಯುತ್ತದೆ, ವೇಗ ಮತ್ತೂ ಏರುತ್ತದೆ. ಅಗಲ ಹರಿವನ್ನೂ ಕಿರಿದಾದ ಪಟ್ಟಿಯನ್ನೂ ಒಟ್ಟಾಗಿ ‘ಸ್ಯಾಪ್ಸ್’ (ಸಬ್‌ಅರೋರಲ್ ಪೋಲರೈಸೇಶನ್ ಸ್ಟ್ರೀಮ್) ಎಂದು ಕರೆಯುವ ರೂಢಿ 2002ರಿಂದ ಬಂತು.

ಪ್ರಶ್ನೆ: ಇದು ನಮ್ಮ ಕಡಲತೀರದಿಂದ ಕಾಣುತ್ತದೆಯೇ?
– ಓದುಗರು, ಅಂಕೋಲಾ

ಉತ್ತರ: ಇಲ್ಲ. ನಮ್ಮ ಕರಾವಳಿ ಕಾಂತೀಯ ಸಮಭಾಜಕಕ್ಕೆ ಹತ್ತಿರ. ಆ ಹರಿವು ಸಾಮಾನ್ಯವಾಗಿ 55–65 ಡಿಗ್ರಿ ಕಾಂತೀಯ ಅಕ್ಷಾಂಶದ ಸುತ್ತ. ಆದರೆ ಮೇ 2024ರ ಮಹಾ ಬಿರುಗಾಳಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಲಡಾಖ್‌ನ ಹಾನ್ಲೆ ಕ್ಯಾಮೆರಾಗಳಿಗೆ ಉತ್ತರ ದಿಗಂತದಲ್ಲಿ ಕೆಂಪು ಬೆಳಕು ಸಿಕ್ಕಿತು. ಅದು ಈ ಹರಿವಿನ ನೆರೆಯ ಕೆಂಪು ಕಮಾನು ಎನ್ನಲಾಯಿತು. ಅಂಥ ಕಮಾನು ಬೆಳಗಲು ಬೇಕಾದ ಬಿಸಿಯೂ ಅದೇ ಉಂಗುರ ಪ್ರವಾಹದಿಂದ ಬರುತ್ತದೆ.