ನೈಜೀರಿಯಾದಲ್ಲಿ ಅಷ್ಟೊಂದು ತೈಲ ಇದ್ದರೂ ಪೆಟ್ರೋಲ್ ಯಾಕೆ ಹೊರಗಿನಿಂದ ತರಿಸುತ್ತಿದ್ದರು?

ಕಚ್ಚಾ ತೈಲವನ್ನು ಸೀದಾ ಗಾಡಿಗೆ ಹಾಕುವ ಹಾಗಿಲ್ಲ, ಅಲ್ವಾ? ಶುದ್ಧೀಕರಿಸಬೇಕು. ನೈಜೀರಿಯಾ ಎಡವಿದ್ದು ಅಲ್ಲೇ.

1956ರಲ್ಲಿ ಓಲೊಯಿಬಿರಿ ಎಂಬಲ್ಲಿ ತೈಲ ಸಿಕ್ಕಿತು. ಮುಂದೆ ಪೋರ್ಟ್ ಹಾರ್ಕೋರ್ಟ್, ವಾರಿ, ಕಡುನಾಗಳಲ್ಲಿ ಸರ್ಕಾರಿ ರಿಫೈನರಿಗಳು ಬಂದವು. ರಿಪೇರಿಗೆ ದುಡ್ಡು ಸುರಿದದ್ದೇ ಬಂತು, ವರ್ಷಗಟ್ಟಲೆ ಅವು ಹೆಚ್ಚುಕಮ್ಮಿ ನಿಂತೇ ಇದ್ದವು.

ಇದಕ್ಕಿಂತ ಜಾಸ್ತಿ ಕೆಡಿಸಿದ್ದು ಸಬ್ಸಿಡಿ ಅಂತ ನನ್ನ ಅನಿಸಿಕೆ. ಸರ್ಕಾರವೇ ಬೆಲೆ ಹಿಡಿದಿಟ್ಟರೆ ಖಾಸಗಿಯವರು ರಿಫೈನರಿ ಯಾಕೆ ಕಟ್ಟುತ್ತಾರೆ? ಅಗ್ಗದ ಪೆಟ್ರೋಲ್ ಗಡಿ ದಾಟಿ ಪಕ್ಕದ ಬೆನಿನ್‌ಗೆ ಕಳ್ಳದಾರಿಯಲ್ಲಿ ಹೋಗುತ್ತಿತ್ತು. ಆದರೆ ಸುಮ್ನೆ ತೆಗೆದುಹಾಕುವುದೂ ಸುಲಭವಿರಲಿಲ್ಲ. ಅಲ್ಲಿ ಪೆಟ್ರೋಲ್ ಬರೀ ಗಾಡಿಗಲ್ಲ, ಕರೆಂಟ್ ಹೋದಾಗ ಅಂಗಡಿ ಮುಂದೆ ಗುಡುಗುಡು ಅನ್ನುವ ಜನರೇಟರ್‌ಗೂ ಬೇಕು. 2023ರ ಮೇ 29ರಂದು ಅಧ್ಯಕ್ಷ ಟಿನುಬು ಸಬ್ಸಿಡಿ ಇನ್ನಿಲ್ಲ ಎಂದರು. ಕೆಲವೇ ದಿನಗಳಲ್ಲಿ ಬೆಲೆ ಎರಡು ಪಟ್ಟಿಗೂ ಮೀರಿತು.

ಈಗ ಲೇಗೋಸ್ ನಗರದ ಹತ್ತಿರ ನೈಜೀರಿಯಾದ ಉದ್ಯಮಿ ಡಾಂಗೋಟೆಯವರ ಖಾಸಗಿ ರಿಫೈನರಿ ಇದೆ. ಸಾಮರ್ಥ್ಯ ದಿನಕ್ಕೆ 6.5 ಲಕ್ಷ ಬ್ಯಾರೆಲ್. 2024ರ ಸೆಪ್ಟೆಂಬರ್‌ನಿಂದ ಪೆಟ್ರೋಲ್ ಕೊಡುತ್ತಿದೆ, ಆಮದು ಇಳಿದಿದೆ. ತಮಾಷೆ ನೋಡಿ, ಅದು ಅಮೆರಿಕದಿಂದಲೂ ಕಚ್ಚಾ ತೈಲ ತರಿಸಿಕೊಂಡಿದೆ. ಸ್ಥಳೀಯ ತೈಲ ಬೇಕಾದಷ್ಟು ಸಿಗುತ್ತಿಲ್ಲ ಎಂಬುದು ಅವರ ದೂರು.